ಬಾಕಿ ತೂಕ

ಸಭಾಸೇವಕಿ ಅಂತ ನನ್ನ ಹೆಸರು ಓದಿದ ಭಾನುವಾರ
ಸಭಾಪಾಲಕರು ನಿಯಮಗಳನ್ನೂ ಓದಿದರು:
ಗಂಭೀರವಾಗಿರಬೇಕು. ಹಣದ ಆಸೆ ಕೂಡದು.
ದ್ರಾಕ್ಷಾರಸಕ್ಕೆ ಮನಸೋಲಬಾರದು.
ಹಿಂದಿನ ಬೆಂಚಿನಲ್ಲಿ ಯಾರೋ ಕೆಮ್ಮಿದರು.
ಸಿದ್ದಾಪುರದ ಪೇಟೆಯಲ್ಲಿ
ನೆಲ್ಲಿಕಾಯಿ ವೈನು, ಶುಂಠಿ ವೈನು, ವೀಳ್ಯದೆಲೆ ವೈನು
ಜೇನಿನ ಬಾಟಲಿಗಳ ಪಕ್ಕದಲ್ಲೇ ಸಾಲಾಗಿ ನಿಂತಿರುತ್ತವೆ;
ಕ್ರಿಸ್ಮಸ್ಸಿಗೆ ಅರ್ಧ ಸಭೆಗೆ ನಮ್ಮಮ್ಮನದೇ ಭರಣಿ.

ಆಮೇಲೆ: ಎರಡು ನಾಲಿಗೆ ಇರಕೂಡದು.
ನಾನು ಒಳಗೊಳಗೇ ಎಣಿಸಿದೆ.
ಹೊಲಿಗೆ ಅಂಗಡಿಯಲ್ಲಿ ದಿನಕ್ಕೆ ನನಗೆ ಐದು ಬೇಕು:
ಕನ್ನಡ, ತಮಿಳು, ಮಲಯಾಳ, ಕೊಡವ ತಕ್ಕ್ ಒಂದಿಷ್ಟು,
ಈಚೆಗೆ ಅಸ್ಸಾಮಿನ ಹುಡುಗಿಯರ ರವಿಕೆಗೆ ಮುರುಕು ಹಿಂದಿ.
ಐದರಲ್ಲೂ ಒಂದೇ ಅಳತೆ ಹೇಳು, ಸಾಕು
ಅನ್ನುತ್ತಿದ್ದರು ಈನೋಸ್ ಜತ್ತನ್ನ, ತೋಟದ ರೈಟ್ರು.
ಅವರ ಜಾಗಕ್ಕೇ ಈಗ ನಾನು.

ಸಂಜೆ ಕಣದಲ್ಲಿ ತೂಗುಹಾಕಿದ ತಕ್ಕಡಿಯ ಮುಂದೆ
ಹಣ್ಣು ಕಾಫಿಯ ಚೀಲ ಒಂದೊಂದಾಗಿ,
ಮುಳ್ಳು ನಿಲ್ಲುವ ತನಕ ಉಸಿರು ಬಿಡದೆ ಕಾಯುತ್ತಿದ್ದವರು.
ಭಾನುವಾರ ಅದೇ ಕೈಯಲ್ಲಿ ಕಾಣಿಕೆ ಚೀಲ.
ಸಾಲಿನಿಂದ ಸಾಲಿಗೆ ಹೋಗುವಾಗ
ಕಿಟಕಿಯಾಚೆಯ ಕಿತ್ತಳೆ ಮರವನ್ನೇ ನೋಡುತ್ತಿದ್ದರು,
ಯಾರ ಮುಷ್ಟಿ ಎಷ್ಟು ಬಿಟ್ಟಿತೋ ಕಾಣದಂತೆ.
ಚಿಲ್ಲರೆಯ ಸದ್ದು ಕೇಳದ ಹಾಗೆ ಒಳಗೊಂದು ಫ್ಲಾನಲ್ ಬಟ್ಟೆ.
ಹೊಲಿದವಳು ನಾನೇ. ಯಾಕೆಂದು ಕೇಳಿರಲಿಲ್ಲ.

ಪೀಠ ಹತ್ತಿಸಿದರೆ ಬೆವರುತ್ತಿದ್ದರು.
ಅವರದು ಪ್ರಸಂಗ ಮುಗಿದ ಮೇಲಿನ ಹೊತ್ತು:
ಪುಟ್ಟ ಲೋಟ ಅರವತ್ತೆರಡು, ಬರೀ ಬಿಸಿನೀರಲ್ಲಿ;
ಉಳಿದ ರೊಟ್ಟಿ ಅಂಗೈಯೊಳಗೇ, ಚೂರೂ ನೆಲ ಮುಟ್ಟದೆ;
ಆನೆ ಬಂದ ರಾತ್ರಿ ಲೈನ್ ಮನೆಗಳ ತನಕ ಒಂದು ಟಾರ್ಚು.
ಪ್ರಾರ್ಥನೆಗೆ ಎಡಮೊಣಕಾಲು ಊರಿದರೆ
ಎಲ್ಲರೂ ಎದ್ದಮೇಲೂ ಏಳುತ್ತಿರಲಿಲ್ಲ.
ವಾತ ಅಂದುಕೊಂಡಿದ್ದೆವು.
ತಿಂಗಳ ಕೊನೆಯ ಶನಿವಾರ
ಹೆಗಲ ಮೇಲೊಂದು ಚೀಲ, ಹಾಡಿಯ ಕಡೆಗೆ,
ಕರ್ಪಿ ಎಂಬ ಎರವರ ಮುದುಕಿಗೆ.
ಸಭೆಯವಳಲ್ಲ, ಯಾರ ಸಂಬಂಧಿಯೂ ಅಲ್ಲ.
ಎಂಥ ದಯೆ ಅಂದೆವು. ವಾರ್ಷಿಕ ವರದಿಯಲ್ಲೂ ಬರೆದೆವು,
ಅವರು ಬೇಡ ಬೇಡ ಎಂದರೂ.

ಮಣ್ಣಾದ ಮೂರನೇ ದಿನ ಅವರ ಮಗಳು
ಬೀಗದಕೈ ಗೊಂಚಲಿನ ಜೊತೆ ನೋಟ್‌ಬುಕ್ಕೂ ಕೊಟ್ಟಳು.
ಮೊದಲ ಪುಟ, ಹಸಿರು ಶಾಯಿ:
‘ಎಂಬತ್ತೇಳನೇ ಇಸವಿ, ಜನವರಿ. ಮ್ಯಾನೇಜರು ಹೇಳಿದರು.
ಚೀಲದ ಅಡಿಗೆ ಎಡಮೊಣಕಾಲು ಕೊಟ್ಟೆ.
ಕರ್ಪಿ, ಹನ್ನೊಂದು ದಿನ, ದಿನಕ್ಕೆ ಎರಡು ಕೆ.ಜಿ. ಕಡಿಮೆ.
ಅವಳು ಮುಳ್ಳು ನೋಡಲಿಲ್ಲ. ನನ್ನನ್ನು ನೋಡಿದಳು.’
ಕೆಳಗೆ ಪುಟದಿಂದ ಪುಟಕ್ಕೆ
ಅಕ್ಕಿ, ಉಪ್ಪು, ಕಂಬಳಿ, ಕೆಮ್ಮಿನ ಔಷಧಿ, ಮತ್ತೆ ಅಕ್ಕಿ.
ಕೂಡಿಸಿದ್ದು ಎಲ್ಲೂ ಇಲ್ಲ.
ಮೊತ್ತದ ಕಲಮು ಕೊನೆಯ ತನಕ ಬಿಳಿ.

ಯಾರಿಗೂ ತೋರಿಸಲಿಲ್ಲ ನಾನು.
ಇದೂ ಎರಡು ನಾಲಿಗೆಯೇ? ಗೊತ್ತಿಲ್ಲ.
ಶನಿವಾರ ಅಂಗಡಿ ಬೇಗ ಮುಚ್ಚಿ
ಐದು ಕೆ.ಜಿ. ಅಕ್ಕಿ ತೂಗಿಸಿ
ಮೇಲೆ ಎರಡು ಹಿಡಿ ಸುರಿದೆ, ಹಾಗೇ, ಮನಸ್ಸಿಗೆ ಬಂದು.

ರೈಟ್ರೆಲ್ಲಿ, ಅಂದಳು ಕರ್ಪಿ.
ಹೋದರು, ಅಂದೆ.
ಒಲೆಯ ಕೊಳ್ಳಿಯನ್ನು ಒಳಕ್ಕೆ ತಳ್ಳಿದಳು. ಬೆಲ್ಲದ ಕಾಫಿ ಇಟ್ಟಳು.
‘ಆ ಲೆಕ್ಕ ಎಂದೋ ಮುಗ್ದಿತ್ತು. ಹೇಳಿದ್ದೆ.
ಆದ್ರೂ ಬರೋರು. ಕಾಫಿ ಕುಡಿಯೋರು.’

ಆಮೇಲೆ ಚೀಲ ಎತ್ತಿದಳು, ಒಂದೇ ಕೈಯಲ್ಲಿ,
ಗಾಳಿಯಲ್ಲಿ ಹಿಡಿದು ಕಣ್ಣು ಮುಚ್ಚಿದಳು.
ಎಷ್ಟು?
ಐದು, ಅಂದೆ.
ಬಾಯಿ ಬಿಚ್ಚಿ ಒಂದು ಹಿಡಿ ತೆಗೆದಳು, ಮತ್ತೊಂದು ಹಿಡಿ,
ನನ್ನ ಸೆರಗಿಗೆ ಹಾಕಿದಳು.
‘ರೈಟ್ರು ಇಂಥ ತಪ್ಪು ಮಾಡ್ತಿರಲಿಲ್ಲ.’